ಲೋಗೋದ ಸ್ಕ್ರೀನ್‌ಶಾಟ್ ಹೊಡ್ದು ಬೋರ್ಡ್ ಮಾಡಿಸ್ಯಾರ, ರೊಕ್ಕ ಮಾತ್ರ ಬಂದಿಲ್ಲ. ಏನ್ ಮಾಡ್ಲಿ?

ಬಣ್ಣದಡಬ್ಬಿ (ಕಲಬುರಗಿ):

ನಮಸ್ಕಾರ್ರಿ ಎಲ್ಲರಿಗೂ. ಜರಾ ಉದ್ದ ಆಗ್ತದ, ಬೇಜಾರ್ ಮಾಡ್ಕೋಬ್ಯಾಡ್ರಿ. ನಾ ಮೊದಲ ಸೂಪರ್ ಮಾರ್ಕೆಟ್ ಕಡಿ ಒಂದು ಪ್ರಿಂಟಿಂಗ್ ಅಂಗಡ್ಯಾಗ ಡಿಟಿಪಿ ಮಾಡ್ತಿದ್ದೆ, ಲಗ್ನಪತ್ರಿಕಿ, ಬಿಲ್ ಬುಕ್, ಶ್ರದ್ಧಾಂಜಲಿ ಬ್ಯಾನರ್, ಎಲ್ಲಾ. ಎರಡು ವರ್ಷದ ಹಿಂದ ಅದು ಬಿಟ್ಟು ಮನ್ಯಾಗೇ ಕುಂತು ಸಣ್ಣ ಸಣ್ಣ ಧಂದೆದವರಿಗಿ ಲೋಗೋ, ಪ್ಯಾಕೆಟ್ ಡಿಸೈನು, ವಿಸಿಟಿಂಗ್ ಕಾರ್ಡು ಮಾಡಿ ಕೊಡ್ಲಿಕತ್ತೀನಿ. ಕೆಲಸಕ್ಕೇನು ಕಮ್ಮಿ ಇಲ್ಲ, ಬೊಟಿಕ್ಕು, ಕೋಚಿಂಗ್ ಕ್ಲಾಸು, ಖಾನಾವಳಿ, ಬಿರಿಯಾನಿ ಹೊಟೇಲು ದಿನಾ ಒಂದು ಹೊಸದು ತೆರಿತಾವ. ರೊಕ್ಕದ್ದೇ ಕಮ್ಮಿ.

ಈಗಿನ ಕತಿ ಕೇಳ್ರಿ. ನಮ್ಮಪ್ಪಾರ ದೋಸ್ತರೊಬ್ಬರು, ಹೆಸರು ಬ್ಯಾಡ, ಮನ್ಯಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರ್ತಿದ್ರು, ಈಗ ಏಳೆಂಟು ಹೆಣ್ಮಕ್ಕಳನ್ನ ಕೆಲಸಕ್ಕ ಇಟ್ಕೊಂಡು ದೊಡ್ಡದಾಗಿ ಶುರು ಮಾಡ್ಯಾರ, ಪ್ಯಾಕೆಟ್ ಮಾಡಿ ಬೆಂಗಳೂರು ಪುಣೆ ತನಕ ಕಳಸ್ಬೇಕಂತ. "ಲೋಗೋ ಒಂದು ಮಾಡಿ ಕೊಡವ್ವಾ" ಅಂದ್ರು. 4,000 ಆಗ್ತದ ಕಾಕಾ ಅಂದೆ. "ಆಯ್ತಾಯ್ತು, ನೀ ಮಾಡು ಮೊದಲ, ರೊಕ್ಕ ಎಲ್ಲಿ ಓಡಿ ಹೋಗ್ತದ" ಅಂದ್ರು. ಅಡ್ವಾನ್ಸ್ ಕೇಳ್ಲಿಕ್ಕ ಬಾಯಿ ಬರ್ಲಿಲ್ಲ, ಸಣ್ಣಾಕಿದ್ದಾಗ ಎತ್ತಿ ಆಡ್ಸಿದವರು.

ಮೂರು ಸ್ಕೆಚ್ ಹಾಕಿ ತೋರಿಸಿದೆ. ಒಂದು ನನಗೇ ಭಾಳ ಸೇರಿತ್ತು, ರೊಟ್ಟಿ ಬಡಿಯೋ ಕೈ, ಆ ರೊಟ್ಟಿ ದುಂಡೇ 'ರ' ಅಕ್ಷರದ ದುಂಡ ಆಗಿತ್ತು. ಅವರಿಗೂ ಸೇರ್ತು. ಆಮ್ಯಾಲ ಶುರು ಆಯ್ತು ನೋಡ್ರಿ. ರೊಟ್ಟಿ ಜರಾ ದೊಡ್ಡದ್ ಮಾಡು. ಅಳಿಯ ಬಂದಿದ್ದ, ಗೋಲ್ಡನ್ ಬೇಕಂತ. ಮೂಲ್ಯಾಗ ಶರಣಬಸಪ್ಪನ ಗುಡಿ ಬರ್ಲಿ. ಕೈ ಒಂದೇ ಯಾಕ, ಇಳಕಲ್ ಸೀರಿ ಉಟ್ಟ ಹೆಣ್ಮಗಳು ಪುರಾ ಬರ್ಲಿ. ಮೊಬೈಲ್ ನಂಬರ್ ಲೋಗೋದಾಗೇ ಕುಂದರ್ಸು. ಹದಿನಾಲ್ಕು ಸರ್ತಿ ಬದಲ್ ಮಾಡೀನಿ, ರಾತ್ರಿ ಹನ್ನೊಂದಕ್ಕ ವಾಯ್ಸ್ ಮೆಸೇಜು. ಆಮ್ಯಾಲ ಹತ್ತು ದಿನ ಸುದ್ದಿನೇ ಇಲ್ಲ.

ಹೋದ ವಾರ ಸೇಡಂ ರೋಡಿನಾಗ ಆಟೋದಾಗ ಹೊಂಟಿದ್ದೆ, ಎದುರಿಗಿ ಬೋರ್ಡು. ನನ್ನದೇ ಲೋಗೋ! ವಾಟ್ಸಾಪಿನಾಗ ಕಳಿಸಿದ್ದ ಮೂರನೇ ರೌಂಡಿಂದು, ಸ್ಕ್ರೀನ್‌ಶಾಟ್ ಹೊಡ್ದು ಫ್ಲೆಕ್ಸಿಗಿ ಕೊಟ್ಟಾರ, ಹಿಗ್ಗಿಸಿ ಹಿಗ್ಗಿಸಿ ಮಂಜಿನಾಗ ನೋಡ್ದಂಗ ಆಗ್ಯದ, ಅದ್ರ ಮ್ಯಾಲ ಕೆಳಗ ಕತ್ತರಿಸಿ ಒತ್ತಕ್ಷರನೇ ಹಾರಿಸ್ಯಾರ, ರೊಟ್ಟಿ ಹೋಗಿ 'ರೊಟಿ' ಆಗ್ಯದ. ಫೋನ್ ಹಚ್ಚಿದ್ರ "ಅದು ಸುಮ್ಮ ಟೆಂಪರರಿ ಅವ್ವಾ, ಫ್ಲೆಕ್ಸಿನವ 600ಕ್ಕ ಮಾಡಿ ಕೊಟ್ಟ, ನೀ ನೋಡಿದ್ರ 4,000 ಅಂತಿ, ಮಗಳಿದ್ದಂಗ ನೀ, ಮಗಳ ಜೋಡಿ ಏನ್ ಹಿಸಾಬು" ಅಂತಾರ.

ಮನ್ಯಾಗ ಹೇಳಿದ್ರ ಅಪ್ಪ "ಹೋಗ್ಲಿ ಬಿಡು" ಅಂತಾರ. ಹೋಗ್ಲಿ ಅಂತ ಬಿಟ್ಟದ್ದು ಇದು ನಾಲ್ಕನೇದು. ಈಗ ರೊಕ್ಕ ಹ್ಯಾಂಗ ಕೇಳ್ಬೇಕು, ಮುಂದಿನವರಿಗಿ ಎಷ್ಟು ಹೇಳ್ಬೇಕು, ಓಪನ್ ಫೈಲ್ (ತಿದ್ಲಿಕ್ಕ ಬರೋ ಮೂಲ ಫೈಲು) ಕೊಡ್ಬೇಕಾ ಬ್ಯಾಡಾ, ಇಲ್ಲಿ ಇದೇ ಕೆಲಸ ಮಾಡೋರು ಇದ್ರ ಹೇಳ್ರಿ.

ಊರುಬಿಟ್ಟವ (ಬೆಂಗಳೂರು, ಊರು ಕಲಬುರಗಿ):

ಮೊದಲ್ನೇ ತಪ್ಪು ಅಡ್ವಾನ್ಸ್ ಇಲ್ಲದ ಶುರು ಮಾಡಿದ್ದು. ನಾ ಇಲ್ಲಿ ಏಜೆನ್ಸ್ಯಾಗ ಎಂಟು ವರ್ಷ ಇದ್ದೀನಿ, ಅರ್ಧ ಮೊದಲ ಬಂದ್ರೇನೇ ಫೈಲ್ ತೆರಿತೀವಿ. ಎರಡು ಸರ್ತಿ ತಿದ್ದೋದು ಫ್ರೀ, ಮೂರನೇದಕ್ಕ ಚಾರ್ಜ್. ಲೋಗೋ 25,000ಕ್ಕಿಂತ ಕಮ್ಮಿ ಹೇಳ್ಲೇಬಾರ್ದು, ಜೋಡಿಗಿ 30 ಪೇಜಿಂದು ಬ್ರ್ಯಾಂಡ್ ಗೈಡ್‌ಲೈನ್ (ಲೋಗೋ, ಬಣ್ಣ, ಅಕ್ಷರ ಹ್ಯಾಂಗ ಬಳಸ್ಬೇಕಂತ ತೋರ್ಸೋ ಪುಸ್ತಕ) ಕೊಡ್ರಿ, ಆಗ ಕ್ಲೈಂಟಿಗಿ ಬೆಲೆ ತಿಳಿತದ.

ಇನ್ನೊಂದು ಯಾರಿಗೂ ಗೊತ್ತಿರಂಗಿಲ್ಲ. ನೀವು ಅವರ ನೌಕರಿ ಮಾಡಾಕಿ ಅಲ್ಲ, ಫ್ರೀಲ್ಯಾನ್ಸರ್. ಹಂಗಾಗಿ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಆ ಚಿತ್ರದ ಮೊದಲ ಮಾಲಕಿ ನೀವೇ. ಅವರ ಹೆಸರಿಗಿ ಹೋಗ್ಬೇಕಂದ್ರ ನೀವು ಬರ್ದು ಸಹಿ ಮಾಡಿ ಕೊಡ್ಬೇಕು. ಬರ್ದು ಕೊಡೋವಾಗೂ ಎಷ್ಟು ವರ್ಷಕ್ಕಂತ ಹಾಕ್ಲಿಲ್ಲಂದ್ರ ಐದೇ ವರ್ಷ ಅಂತ ಹಿಡಿತಾರ, ಎಲ್ಲಿ ಅಂತ ಹಾಕ್ಲಿಲ್ಲಂದ್ರ ಭಾರತ ಅಷ್ಟೇ. ಇದನ್ನ ಕಾಕಾಗ ಹೇಳ್ರಿ.

ಫ್ಲೆಕ್ಸ್‌ಮಷಿನ್ (ಯಾದಗಿರಿ):

ಆ 600 ರೂಪಾಯಿ ಫ್ಲೆಕ್ಸಿನವ ನಾ ಅಲ್ಲರಿ, ಆದ್ರ ನಾನೂ ಅದೇ ಧಂದೆದವ, ಹಂಗಾಗಿ ಎರಡು ಮಾತು. ಮ್ಯಾಲಿನ ಅಣ್ಣಾರೆ, 25,000 ಮತ್ತ 30 ಪೇಜ್ ಅಂದ್ರಲ್ಲಾ, ನಮ್ಮ ಕಡಿ ಹೊಸ ಖಾನಾವಳಿ ಹಾಕೋನು ಗ್ಯಾಸು, ತವಾ, ಬಾಡಿಗಿ ಅಡ್ವಾನ್ಸ್ ಎಲ್ಲಾ ಕೊಟ್ಟು ಕಡೀಕ ಉಳಿದ ಐದು ಸಾವಿರದಾಗ ಬೋರ್ಡಿಗಿ ಬರ್ತಾನ. ಆ 30 ಪೇಜ್ ನಾನೇ ಓದಂಗಿಲ್ಲ, ಇನ್ನ ಅವ ಏನ್ ಓದ್ತಾನ.

ಈಗ ಡಿಸೈನರ್ ಮಂದಿಗಿ ನಮ್ಮ ಕಡಿಂದ ಒಂದು ಬೈಗುಳ. ನೀವು ಕಳಸೋ ಫೈಲು! ಮೊಬೈಲಿನಾಗ ಛಂದ ಕಾಣ್ತದಂತ ಜೆಪಿಜಿ ಕಳಸ್ತೀರಿ, ಅದೂ ವಾಟ್ಸಾಪಿನಾಗ ಫೋಟೋ ಮಾಡಿ. ಅದು ಒತ್ತಿ ಒತ್ತಿ ಸಣ್ಣ ಮಾಡ್ತದ, ಡಾಕ್ಯುಮೆಂಟ್ ಅಂತ ಕಳಸಿದ್ರ ಹಂಗೇ ಬರ್ತದ. ಜೆಪಿಜಿ ಹತ್ತು ಫುಟಿಗಿ ಹಿಗ್ಗಿಸಿದ್ರ ಒಡಿತದ, ನಮ್ಮ ಮಷಿನ್ ಏನ್ ಮಾಡ್ಬೇಕು. ವೆಕ್ಟರ್ ಬೇಕು, ಅಂದ್ರ ಎಷ್ಟು ಹಿಗ್ಗಿಸಿದ್ರೂ ಒಡಿಯದ ಗೆರಿ ಫೈಲು. ನಮ್ಮ ಕಡಿ ಪುರಾ ಕೋರಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರ್ ಮ್ಯಾಲೇ ನಡಿತದ, ಅದೂ ಹಳೇ ವರ್ಶನ್, ನೀವು ಹೊಸ ವರ್ಶನ್ನಿನಾಗ ಸೇವ್ ಮಾಡಿ ಕಳಸಿದ್ರ ತೆರಿಯಂಗೇ ಇಲ್ಲ.

ಮತ್ತ ಕನ್ನಡ. ಕಂಟ್ರೋಲ್ ಕ್ಯೂ ಹೊಡ್ದು ಕರ್ವ್ಸ್ (ಅಕ್ಷರನ ಚಿತ್ರದ ಗೆರಿ) ಮಾಡ್ದೇ ಕಳಸಬ್ಯಾಡ್ರಿ, ಕೈ ಮುಗಿತೀನಿ. ನಾವು ಇನ್ನೂ ನುಡಿ, ಶ್ರೀಲಿಪಿ ಅನ್ನೋ ಹಳೇ ಕನ್ನಡ ಫಾಂಟಿನಾಗ ಹೊಡಿಯೋರು. ನೀವು ಯೂನಿಕೋಡಿನಾಗ (ಈಗ ಮೊಬೈಲಿನಾಗ ಬಳಸೋ ಕನ್ನಡ) ಟೈಪ್ ಮಾಡಿದ್ದು ನಮ್ಮ ಹಳೇ ಕೋರಲ್‌ನಾಗ ತೆರದ್ರ ಕೊಂಬು ಒಂದ್ ಕಡಿ, ಒತ್ತು ಒಂದ್ ಕಡಿ, ಸಂತ್ಯಾಗ ತಪ್ಪಿಸ್ಕೊಂಡ ಮಕ್ಕಳಂಗ ನಿಂತಿರ್ತಾವ. ಆಪರೇಟರ್ ಹುಡುಗ ಅದನ್ನ ಜೋಡಸ್ಲಿಕ್ಕ ಹೋಗಿ 'ಶ್ರೀ' ಇದ್ದದ್ದು ಏನೇನೋ ಆಗ್ತದ, ಕಡೀಕ ಬೈಸ್ಕೊಳ್ಳೋನು ನಾನು. ನಿಮ್ಮ ರೊಟ್ಟಿ ಒತ್ತು ಹಾರಿದ್ದೂ ಬೋರ್ಡಿನ ಉದ್ದ ಅಗಲ ನೋಡಿ ಕೆಳಗಿಂದು ಕತ್ತರಿಸಿದ್ದಕ್ಕೇ. ಇಂಗ್ಲಿಷ್ ಅಕ್ಷರ ಹಾಕಿದಂಗ ಪಟ್ಟಿ ಸಣ್ಣದು ಇಟ್ರ ಕನ್ನಡಕ್ಕ ಸಾಲಂಗಿಲ್ಲ, ಕೆಳಗ ಒತ್ತಿಗಿ ಜಾಗ ಬಿಟ್ಟೇ ಲೋಗೋ ಮಾಡ್ಬೇಕು.

2024ರಾಗ ಬೋರ್ಡಿನ ಮ್ಯಾಲ ಶೇಕಡಾ 60 ಕನ್ನಡ ಇರ್ಬೇಕಂತ ಕಾಯ್ದೆ ತಿದ್ದುಪಡಿ ಆಯ್ತಲ್ಲ, ಆವಾಗ ನೋಡ್ಬೇಕಿತ್ತು ನಮ್ಮ ಅಂಗಡಿ. ಎಲ್ಲಾರ ಲೋಗೋನೂ ಇಂಗ್ಲಿಷಿನಾಗೇ ಮಾಡಿದ್ದು, ಕನ್ನಡಕ್ಕ ಜಾಗನೇ ಇಲ್ಲ. ಮ್ಯಾಲ ನಮ್ಮ ನುಡಿ ಫಾಂಟಿನಾಗ ದೊಡ್ಡದಾಗಿ ಹೆಸರು, ಕೆಳಗ ಮೂಲ್ಯಾಗ ಬೆಂಗಳೂರಿಂದ ಮಾಡಿಸ್ಕೊಂಡು ಬಂದ ಛಂದಾನ ಲೋಗೋ. ಮೊದಲ ಕನ್ನಡದಾಗ ಮಾಡಿ ಆಮ್ಯಾಲ ಇಂಗ್ಲಿಷ್ ಮಾಡ್ರಿ, ಬೇಕಾದ್ರ ಉರ್ದು. ಕನ್ನಡದ್ದು ಕೂತ್ರ ಉಳಿದವು ಕೂಡ್ತಾವ.

ಬಣ್ಣದ್ದೂ ಹೇಳ್ತೀನಿ. ಮೊಬೈಲಿನಾಗ ಮಿಂಚೋ ಗಿಳಿಹಸಿರು ಇಂಕಿನಾಗ ಬರಂಗಿಲ್ಲ, ಮಬ್ಬಾಗ್ತದ. ಸಿಎಂವೈಕೆ (ಪ್ರಿಂಟಿನ ನಾಲ್ಕು ಇಂಕಿನ ಬಣ್ಣ) ಮಾಡಿ ನೋಡ್ಕೊಂಡು ಕಳಸ್ರಿ. ಗೋಲ್ಡನ್ ಅಂತೂ ಕೇಳ್ಲೇಬ್ಯಾಡ್ರಿ, ಫ್ಲೆಕ್ಸಿನ ಮ್ಯಾಲ ಗೋಲ್ಡನ್ ಅಂದ್ರ ಸಾಸಿವಿ ಬಣ್ಣ.

ತಾರಕಶಿ (ಬೀದರ):

ತಂಗಿ, ನಿನ್ನ ಕತಿ ಓದಿ ನಗೂನೂ ಬಂತು ಸಿಟ್ಟೂ ಬಂತು. ನಾ ಇಲ್ಲಿ ಆರು ವರ್ಷದಿಂದ ಇದೇ ಮಾಡಾಕಿ.

ನಮ್ಮ ಮಂದಿಗಿ ಅಡ್ವಾನ್ಸ್ ಅಂದ್ರ ಅನುಮಾನ, 'ಬಯಾನಾ' ಅಂದ್ರ ಅರ್ಥ ಆಗ್ತದ. ಹೊಲಾ ಹಿಡಿಯೋವಾಗ, ಎತ್ತು ಹಿಡಿಯೋವಾಗ ಬಯಾನಾ ಕೊಡೋರು, ನಮಗ್ಯಾಕ ಕೊಡಂಗಿಲ್ಲ? ನಾ "ಬಯಾನಾ ಬಿದ್ದ ದಿನದಿಂದ ಏಳು ದಿನ" ಅಂತೀನಿ. ಒಬ್ಬರೂ ಯಾಕ ಅಂತ ಕೇಳಿಲ್ಲ ಇಲ್ಲೀತನ. ಪರಿಚಯದವರು ಇದ್ರ ಇನ್ನೂ ಮೊದಲ ಕೇಳ್ಬೇಕು. ಬೇಕಾದ್ರ ಬಿಲ್ಲಿನಾಗ ಪುರಾ ರೇಟ್ ಬರ್ದು ಕೆಳಗ 'ಮನಿಯವರಿಗಿ ಬಿಟ್ಟದ್ದು 1,000' ಅಂತ ತೋರ್ಸು, ಬಿಟ್ಟದ್ದು ಕಣ್ಣಿಗಿ ಕಾಣ್ಬೇಕು.

ಕಾಗದ ಅಂದ್ರ ಹೆದರ್ತಾರ, ಹಂಗಾಗಿ ವಾಟ್ಸಾಪಿನಾಗೇ ನಾಲ್ಕು ಸಾಲು ಬರಿತೀನಿ, ಏನ್ ಕೊಡ್ತೀನಿ, ಎಷ್ಟು ಸರ್ತಿ ತಿದ್ತೀನಿ, ಎಷ್ಟು ರೊಕ್ಕ, ಪುರಾ ರೊಕ್ಕ ಬಂದ ಮ್ಯಾಲೇ ಫೈಲು ಮತ್ತ ಹಕ್ಕು. ಅದಕ್ಕ ಅವರು 'ಓಕೆ' ಅಂತ ಹೊಡಿಬೇಕು, ಬರೇ ಹೆಬ್ಬೆಟ್ಟು ಕಳಸಿದ್ರ ನಾ ಬಿಡಂಗಿಲ್ಲ. ಹಕ್ಕು ಬರ್ದು ಕೊಡೋದು ಮಾತ್ರ ಹಾಳಿ ಮ್ಯಾಲೇ, ಸಹಿ ಹಾಕಿ.

ರೊಕ್ಕ ಬರೋತನ ಮೊಬೈಲಿಗಿ ಏನೂ ಕಳಸಂಗಿಲ್ಲ. ಎ4 ಹಾಳಿ ಮ್ಯಾಲ ಪ್ರಿಂಟ್ ತಗ್ದು ಅಂಗಡಿಗೇ ಹೋಗಿ ತೋರಿಸ್ತೀನಿ. ಪೆಟ್ರೋಲ್ ಖರ್ಚಾಗ್ತದ, ಖರೇ, ಆದ್ರ ಎದುರಿಗಿ ಕುಂತಾಗ ಹೇಳೋ ತಿದ್ದುಪಡಿನೇ ಬ್ಯಾರೆ, ರಾತ್ರಿ ಹನ್ನೊಂದಕ್ಕ ಅಳಿಯನ ಮಾತು ಕೇಳಿ ಹೇಳೋದೇ ಬ್ಯಾರೆ. ಮತ್ತ ಅಂಗಡ್ಯಾಗ ಯಜಮಾನ ಯಾರು ಅಂತನೂ ತಿಳಿತದ, ಭಾಳ ಸರ್ತಿ ಲೋಗೋ ಕೇಳಾಂವ ಒಬ್ಬ, ಹೂಂ ಅನ್ನೋರು ಇನ್ನೊಬ್ಬರು.

ರೇಟ್ ನಂದು ಹಿಂಗದ. ಬರೇ ಹೆಸರು ಬರಹ 3,500. ಲೋಗೋ, ಬೋರ್ಡಿನ ಲೇಔಟು, ಕಾರ್ಡು, ರಬ್ಬರ್ ಸ್ಟ್ಯಾಂಪು, ಇನ್‌ಸ್ಟಾಗ್ರಾಮ್ ಡಿಪಿ ಎಲ್ಲಾ ಸೇರಿ 12,000. ಬೆಂಗಳೂರಿನ ಅಣ್ಣಾರಿಗಿ ಇದು ಸಸ್ತಾ ಅನ್ನಿಸ್ಬೌದು, ಅಲ್ಲಿನ ರೇಟು ಅಲ್ಲಿಗಿ.

ಒಂದು ಪಾಠ ನಾ ನಮ್ಮೂರ ಬಿದ್ರಿ ಕೆಲಸದವರ ಹತ್ರ ಕಲ್ತದ್ದು. ಒಂದು ಬಿದ್ರಿ ಅಂಗಡಿಗಿ ಲೋಗೋ ಮಾಡಿದ್ದೆ, ಹೂಜಿ ಮ್ಯಾಲಿನ ಹೂಬಳ್ಳಿ ಇರ್ತದಲ್ಲ, ಹಂಗ ಕೂದಲೆಳಿಯಂಥ ಗೆರಿ ಹಾಕಿ ಛಂದಾಗಿ. ಅಲ್ಲಿ ಕೆಲಸ ಮಾಡ್ತಿದ್ದ ಚಾಚಾ ನೋಡಿ "ಬೇಟಿ, ಇಷ್ಟು ಸಣ್ಣ ಗೆರ್ಯಾಗ ನಾ ತಾರ್ ಹ್ಯಾಂಗ ಕುಂದರಸ್ಲಿ" ಅಂದ್ರು. ಅವರು ಉಳಿಲೆ ಕೊರ್ದು ಬೆಳ್ಳಿ ತಂತಿ ಒತ್ತೋರು, ತಂತಿ ಕೂಡದ ಗೆರಿ ಅವರ ಲೆಕ್ಕಕ್ಕಿಲ್ಲ. ಆಮ್ಯಾಲ ಆ ಲೋಗೋ ರಬ್ಬರ್ ಸ್ಟ್ಯಾಂಪ್ ಮಾಡಿಸಿದ್ರ ಖರೇನೇ ಮಸಿ ತುಂಬಿ ಉಂಡಿ ಆಯ್ತು. ಅವತ್ತಿನಿಂದ ಮೊದಲ ಕಪ್ಪು ಬಿಳುಪು, ಮೊದಲ ಒಂದು ಇಂಚಿನಷ್ಟು, ಅದು ಕಂಡ್ರ ಬಣ್ಣ.

ಕ್ಯಾನ್ವಾ ಅನ್ನೋ ಡಿಸೈನ್ ಆಪ್ ಬಗ್ಗೆನೂ ಒಂದು ಮಾತು. ಟೆಂಪ್ಲೇಟ್ ಎತ್ತಿ ಹೆಸರು ಬದಲ್ ಮಾಡಿ ಕೊಡೋರು ಭಾಳ ಮಂದಿ ಆಗ್ಯಾರ. ಆ ಟೆಂಪ್ಲೇಟಿನ ಲೋಗೋ ಟ್ರೇಡ್‌ಮಾರ್ಕ್ ಮಾಡಿಸ್ಲಿಕ್ಕ ಬರಂಗಿಲ್ಲ, ಅವರ ನಿಯಮದಾಗೇ ಅದ. ಪ್ಯಾಕೆಟ್ ಮಾಡಿ ಹೊರಗ ಕಳಸೋರಿಗಿ ಟ್ರೇಡ್‌ಮಾರ್ಕ್ ಮಾಡಿಸೋದು ಛಲೋ. ಸಣ್ಣ ಉದ್ದಿಮೆದವರಿಗಿ ಆನ್‌ಲೈನ್ ಅರ್ಜಿ ಫೀ ಒಂದು ವರ್ಗಕ್ಕ 4,500, ರೊಟ್ಟಿ ಹಿಂಡಿ 30ನೇ ವರ್ಗದಾಗ ಬರ್ತಾವ, ಸಿಕ್ರ ಹತ್ತು ವರ್ಷ, ಆಮ್ಯಾಲ ರಿನ್ಯೂ. ಇದನ್ನ ಕಾಕಾಗ ತಿಳಿಸಿ ಹೇಳು, ಲೋಗೋ ಯಾರ ಹೆಸರಿಲೆ ಅದ ಅನ್ನೋ ಮಾತು ಆವಾಗ ತಾನೇ ಬರ್ತದ. ಮತ್ತ ನೋಂದಣಿ ಆಗೋಕಿಂತ ಮೊದಲ ದುಂಡಿನೊಳಗ ಆರ್ ಹಾಕು ಅಂತಾರ, ಹಾಕ್ಬ್ಯಾಡ, ಅದು ಕಾಯ್ದೆಗಿ ವಿರುದ್ಧ. ಟಿಎಂ ಅಂತ ಹಾಕ್ಬೌದು.

ಊರುಬಿಟ್ಟವ:

ಯಾದಗಿರಿ ಅಣ್ಣಾ, 30 ಪೇಜ್ ಮಾತು ವಾಪಸ್ ತಗೊಂಡೆ. ಆದ್ರ ಉದ್ಯಮ್ ನೋಂದಣಿ (ಸಣ್ಣ ಧಂದೆದವರಿಗಿ ಸರ್ಕಾರದ ನೋಂದಣಿ) ಮಾತ್ರ ಮಾಡಿಸ್ಕೊಳ್ರಿ, ಪುಕ್ಕಟೆ ಅದ. ಎಂಎಸ್‌ಎಂಇ ಕಾಯ್ದೆ ಪ್ರಕಾರ ಒಪ್ಪಂದ ಇದ್ರೂ ರೊಕ್ಕ ಕೊಡ್ಲಿಕ್ಕ 45 ದಿನ ದಾಟಬಾರ್ದು, ದಾಟಿದ್ರ ಬಡ್ಡಿ ಸಮೇತ ಕೇಳ್ಬೌದು, ದೂರು ಕೊಡ್ಲಿಕ್ಕ ಸರ್ಕಾರದ ಪೋರ್ಟಲ್ ಅದ.

ಫ್ಲೆಕ್ಸ್‌ಮಷಿನ್:

4,000 ರೂಪಾಯಿಗಿ ಅಪ್ಪನ ದೋಸ್ತನ ಮ್ಯಾಲ ದೆಹಲಿಗಿ ದೂರು ಕೊಟ್ರ ಮುಂದಿನ ಲಗ್ನದಾಗ ಊಟಕ್ಕ ಹ್ಯಾಂಗ ಕುಂದರೋದು ಅಣ್ಣಾ. ದೊಡ್ಡ ಪಾರ್ಟಿಗಿ ಇರ್ಲಿ ಅದು.

ಬ್ಯಾಳಿಮಿಲ್ (ಕಲಬುರಗಿ):

ನಾ ಡಿಸೈನರ್ ಅಲ್ಲ, ದಾಲ್ ಮಿಲ್ ಅದ ನಮ್ದು. ನನ್ನ ಮಗ ಇದನ್ನ ತೋರಿಸ್ದ, ಅವನೇ ಟೈಪ್ ಮಾಡ್ಲಿಕತ್ತಾನ ನಾ ಹೇಳಿದ್ದು.

ಅವ್ವಾ, ನಿಮ್ಮ ಕಾಕಾ ಮಾಡಿದ್ದು ತಪ್ಪು. ಆದ್ರ ನಮಗ ಯಾಕ ರೊಕ್ಕ ಕೊಡ್ಲಿಕ್ಕ ಜೀವ ಬರಂಗಿಲ್ಲ ಅನ್ನೋದೂ ಕೇಳು. ನಾ ಒಬ್ಬ ಹುಡುಗನ ಹತ್ರ 8,000 ಕೊಟ್ಟು ಲೋಗೋ ಮಾಡಿಸಿದ್ದೆ. ಹಿಂದ ಸೂರ್ಯ ಮುಳುಗ್ತಾನ, ಮುಂದ ತೊಗರಿ ಗಿಡ, ಹೂವು, ಏಳು ಬಣ್ಣ, ಒಂದ್ರೊಳಗ ಒಂದು ಕರಗಿದಂಗ. ಟಿವಿ ಮ್ಯಾಲ ಹಾಕಿ ತೋರಿಸ್ದ, ಮಂದಿ ಎಲ್ಲಾ ವಾವ್ ಅಂದ್ರು. ಚೀಲ ಪ್ರಿಂಟ್ ಮಾಡೋರ ಕಡಿ ಒಯ್ದ್ರ "ಸಾಹುಕಾರ್ರ, ಒಂದು ಬಣ್ಣಕ್ಕ ಒಂದು ಬ್ಲಾಕು, ಪ್ಲಾಸ್ಟಿಕ್ ನೇಯ್ಗಿ ಚೀಲದ ಮ್ಯಾಲ ಈ ಕರಗೋದು ಗಿರಗೋದು ಬರಂಗಿಲ್ಲ" ಅಂದ್ರು. ಒಂದು ಕಿಲೋ ಪೌಚಿಗಿ ಕೇಳಿದ್ರ ಅಲ್ಲೂ ಅದೇ, ಬಣ್ಣಕ್ಕೊಂದು ಪ್ರಿಂಟಿಂಗ್ ಸಿಲಿಂಡರು, ಏಳು ಸಿಲಿಂಡರ್ ಖರ್ಚು ಕೇಳಿ ತಲಿ ತಿರುಗ್ತು. ಆ ಹುಡುಗಗ ಫೋನ್ ಮಾಡಿದ್ರ "ಅದು ಪ್ರಿಂಟರ್ ಸಮಸ್ಯೆ ಅಂಕಲ್" ಅಂದ. 8,000 ಗೋಡಿಗಿ ತೂಗು ಹಾಕೀನಿ ಫ್ರೇಮ್ ಮಾಡಿ.

ಈಗ ನಮ್ಮ ಚೀಲದ ಮ್ಯಾಲ ಇರೋದು ಹಸಿರು ಒಂದೇ ಬಣ್ಣದ ಗಿಳಿ, ನಮ್ಮಪ್ಪನ ಕಾಲದ್ದು. ಅಡತಿ ಅಂಗಡ್ಯಾಗ ಹಮಾಲರು ನಮ್ಮ ಮಿಲ್ಲಿನ ಹೆಸರು ಅನ್ನಂಗಿಲ್ಲ, "ಗಿಳಿ ಛಾಪ್ ಇಳಸ್ರೋ" ಅಂತಾರ. ಹೊರ ರಾಜ್ಯದ ವ್ಯಾಪಾರಿಗಿ ಕನ್ನಡ ಓದ್ಲಿಕ್ಕ ಬರಂಗಿಲ್ಲ, ಗಿಳಿ ಓದ್ತಾನ. ನಿಮ್ಮಂಥವರು ಬಂದು "ಇದು ಎಲ್ಲಿ ಎಲ್ಲಿ ಪ್ರಿಂಟ್ ಆಗ್ತದ ಕಾಕಾ, ಚೀಲಕ್ಕೋ ಪೌಚಿಗೋ ಲಾರಿಗೋ" ಅಂತ ಮೊದಲ ಕೇಳಿದ್ರ 10,000 ಕೊಡ್ಲಿಕ್ಕೂ ನಾ ತಯಾರ್. ಇಲ್ಲೀತನ ಒಬ್ಬನೂ ಕೇಳಿಲ್ಲ, ಎಲ್ಲಾರೂ "ಯಾವ ಕಲರ್ ಇಷ್ಟ ಅಂಕಲ್" ಅಂತಾರ.

ಇನ್ನೊಂದು, ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ (ಆ ಊರಿನ ಮಾಲು ಅಂತ ಸರ್ಕಾರ ಕೊಡೋ ಗುರುತು) ಸಿಕ್ಕದ. ಒಬ್ಬ ಡಿಸೈನರ್ ನನಗ ಕೇಳ್ದೇ ಆ ಜಿಐ ಗುರುತು ಗೂಗಲ್‌ನಿಂದ ತಗ್ದು ಸ್ಯಾಂಪಲ್ ಪೌಚಿನ ಮ್ಯಾಲ ಹಾಕಿದ್ದ, ಛಂದ ಕಾಣ್ತದಂತ. ಅದಕ್ಕ ಅಧಿಕೃತ ಬಳಕೆದಾರ ಅಂತ ನೋಂದಣಿ ಆಗಿರ್ಬೇಕವ್ವಾ, ಹಂಗ ಹಾಕಿದ್ರ ಸಿಗಿಬೀಳೋನು ನಾನು. ನಿಮ್ಮ ರೊಟ್ಟಿ ಪ್ಯಾಕೆಟಿಗೂ ಎಫ್‌ಎಸ್‌ಎಸ್‌ಎಐದ (ಆಹಾರಕ್ಕ ಲೈಸೆನ್ಸ್ ಕೊಡೋ ಸರ್ಕಾರಿ ಸಂಸ್ಥೆದ್ದು) 14 ಅಂಕಿ ನಂಬರ್, ಹಸಿರು ಚುಕ್ಕಿ, ತೂಕ, ಎಂಆರ್‌ಪಿ, ತಾರೀಖು ಎಲ್ಲಾ ಬರ್ಬೇಕು. ಪುರಾ ಪ್ಯಾಕೆಟ್ ಇಳಕಲ್ ಸೀರಿ ಹೆಣ್ಮಗಳೇ ತುಂಬಿದ್ರ ಅವು ಎಲ್ಲಿ ಕೂಡ್ತಾವ.

ಬಣ್ಣದಡಬ್ಬಿ:

ಎಲ್ಲಾರಿಗೂ ಶರಣ್ರಿ. ಮೂರು ದಿನ ತಡ ಆಯ್ತು ಬರೀಲಿಕ್ಕ, ಯಾಕಂದ್ರ ಮಾಡಿ ನೋಡಿ ಬರೀಬೇಕಂತ ಇದ್ದೆ.

ಬ್ಯಾಳಿಮಿಲ್ ಕಾಕಾರ ಗಿಳಿ ಓದಿ ಅವತ್ತು ರಾತ್ರಿನೇ ನನ್ನ ಮೊದಲ್ನೇ ಸ್ಕೆಚ್ ತಗ್ದೆ, ಗುಡಿ ಸೀರಿ ನಂಬರ್ ಎಲ್ಲಾ ಕಿತ್ತಿ ಬರೇ ಕೈ ಮತ್ತ ರೊಟ್ಟಿ, ಕಪ್ಪು ಒಂದೇ ಬಣ್ಣ. ಪ್ರಿಂಟ್ ತಗ್ದು ಖಾಲಿ ಪ್ಯಾಕೆಟಿಗಿ ಅಂಟಿಸಿದೆ, ಹಿಂದ ಎಫ್‌ಎಸ್‌ಎಸ್‌ಎಐ ನಂಬರಿಗಿ, ತೂಕಕ್ಕ ಜಾಗ ಬಿಟ್ಟೆ. ತಗೊಂಡು ಅವರ ಮನಿಗೇ ಹೋದೆ. ಕಾಕಾ ಇರ್ಲಿಲ್ಲ, ಚಿಗವ್ವ ಮತ್ತ ಕೆಲಸದ ಹೆಣ್ಮಕ್ಕಳು ರೊಟ್ಟಿ ಬಡೀಲಿಕತ್ತಿದ್ರು. ಎಲ್ಲಾರೂ ಹಿಟ್ಟಿನ ಕೈಲೇ ಪ್ಯಾಕೆಟ್ ಹಿಡ್ಕೊಂಡು ನೋಡಿದ್ರು. ಒಬ್ಬಾಕಿ ನಕ್ಕೋತ "ಅಕ್ಕಾ, ಇದು ಎಡಗೈ ಅದ. ನಾವು ಬಲಗೈಲೆ ಬಡೀತೀವಿ, ಎಡಗೈ ರೊಟ್ಟಿ ತಿರುವ್ತದ" ಅಂದ್ಳು. ಹದಿನಾಲ್ಕು ತಿದ್ದುಪಡ್ಯಾಗ ಒಬ್ಬರೂ ಇದು ಹೇಳಿರ್ಲಿಲ್ಲ, ನನಗೂ ಹೊಳ್ದಿರ್ಲಿಲ್ಲ, ದಿನಾ ಮನ್ಯಾಗ ಅವ್ವ ಬಡಿಯೋದು ನೋಡ್ತೀನಿ.

ಹದಿನೈದನೇದು ಅಲ್ಲೇ ಕುಂತು ಲ್ಯಾಪ್‌ಟಾಪಿನಾಗ ಮಾಡ್ದೆ. ಚಿಗವ್ವಗ ಎಷ್ಟು ಆಗ್ಯದ, ಎಷ್ಟು ಬರ್ಬೇಕು ಹೇಳ್ದೆ, ಹೊರಗಿನ ಬೋರ್ಡಿನ ಮ್ಯಾಲ 'ರೊಟಿ' ಆಗ್ಯದ ಅಂತನೂ ಹೇಳ್ದೆ, ಆಕಿಗಿ ಗೊತ್ತೇ ಇರ್ಲಿಲ್ಲ! ಎದ್ದು ಹೊರಗ ಹೋಗಿ ನೋಡಿ ಬಂದ್ರು. ಅವತ್ತು ಸಂಜಿಗಿ ಫೋನ್‌ಪೇದಾಗ 2,000 ಬಂತು, ಉಳಿದ 2,000 ಪ್ಯಾಕೆಟ್ ಪ್ರಿಂಟ್ ಆದ ಮ್ಯಾಲ ಅಂತ. ನಾಲ್ಕು ಸಾಲು ಬರ್ದು ಕಳಸೀನಿ ತಾರಕಶಿ ಅಕ್ಕ ಹೇಳಿದಂಗ, ಕಾಕಾ ಹೆಬ್ಬೆಟ್ಟು ಕಳಸ್ಯಾರ. 'ಓಕೆ' ಅಂತ ಬರೀರಿ ಕಾಕಾ ಅಂದೀನಿ, ಇನ್ನೂ ಬಂದಿಲ್ಲ.

ಯಾದಗಿರಿ ಅಣ್ಣಾ, ಬೋರ್ಡ್ ಹೊಸದು ಮಾಡಸ್ತಾರಂತ, ಇಲ್ಲಿ ಫ್ಲೆಕ್ಸಿನವನೂ ನಿಮ್ಮಂಗೇ ಹಳೇ ಕೋರಲ್ ಇಟ್ಟಾನ. ಕರ್ವ್ಸ್ ಮಾಡೀನಿ, ಸಿಡಿಆರ್ (ಕೋರಲ್ ಫೈಲು) ಯಾವ ವರ್ಶನ್ನಿನಾಗ ಸೇವ್ ಮಾಡ್ಲಿ?

ಫ್ಲೆಕ್ಸ್‌ಮಷಿನ್:

ಎಕ್ಸ್3. ಜೋಡಿಗಿ ಒಂದು ಪಿಡಿಎಫ್ ಇಡ್ರಿ. ಮತ್ತ ಒತ್ತಿನ ಕೆಳಗ ಎರಡು ಇಂಚ್ ಬಿಟ್ಟು ಒಂದು ಕೆಂಪು ಗೆರಿ ಎಳ್ದು 'ಇಲ್ಲಿಂದ ಮ್ಯಾಲ ಕತ್ತರಿ ಹಚ್ಚಬ್ಯಾಡ್ರಿ' ಅಂತ ಬರೀರಿ, ಆಪರೇಟರ್ ಹುಡುಗರು ಗೆರಿ ಕಂಡ್ರ ಮಾತ್ರ ಕೇಳ್ತಾರ.